ಸಂಘದ ಲೆಕ್ಕ ಯಾರ ಮನೆಯಲ್ಲಿರಬೇಕು?

ಕಳೆದ ಬೇಸಿಗೆಯಲ್ಲಿ ನಾವು ಮೂವರು ಬಂಧುಗಳೊಬ್ಬರ ಮನೆಯ ಕಾರ್ಯದ ನಿಮಿತ್ತ ಸೇಡಂ ತಾಲ್ಲೂಕಿನ ಆದಿತ್ಯನಗರಕ್ಕೆ ಹೋಗಿದ್ದೆವು. ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಮಿಗೆ ಹೋಗುವ ರೈಲು ದಾರಿಯಲ್ಲಿ ಮಳಖೇಡ ರೋಡ್ ನಿಲ್ದಾಣ ಸಿಗುತ್ತದೆ. ಅದರ ಮಗ್ಗುಲಲ್ಲೇ ಸಿಮೆಂಟು ಕಾರ್ಖಾನೆ, ಕಾರ್ಖಾನೆಗೆ ಅಂಟಿಕೊಂಡು ಈ ನಗರ. ಅಡಿಕೆ ಮರವಾಗಲಿ ಕಾಫಿ ಗಿಡವಾಗಲಿ ಕಣ್ಣಿಗೆ ಬೀಳದ ಸೀಮೆ. ಸುತ್ತ ತೊಗರಿ ಹೊಲ, ಮನೆಯ ನೆಲಕ್ಕೆ ಶಹಾಬಾದದ ಕಲ್ಲು, ಆಚೆಗೆ ಕಾಗಿಣಾ ನದಿ. ಬೆಳೆಗಾರರ ಪತ್ರಿಕೆಯಲ್ಲಿ ಆ ಊರಿನ ಮಾತೇಕೆ ಎಂದು ಓದುಗರು ಕೇಳಬಹುದು. ಅಲ್ಲಿ ಕಂಡ ಎರಡು ಸಣ್ಣ ಸಂಗತಿಗಳು ನಮ್ಮ ಸಂಘಗಳ ಮುಂದಿರುವ ದೊಡ್ಡ ಪ್ರಶ್ನೆಯೊಂದನ್ನು ಎತ್ತಿ ತೋರಿಸಿದ್ದರಿಂದ ಅಲ್ಲಿಂದಲೇ ಮಾತನ್ನು ಆರಂಭಿಸುತ್ತಿದ್ದೇವೆ.

ಮೊದಲನೆಯದು, ರಸ್ತೆ ಬದಿಯ ಚಹದಂಗಡಿಯಲ್ಲಿ ಕಂಡದ್ದು. ಸಿಮೆಂಟು ತುಂಬಿಕೊಂಡು ಹೊರಟಿದ್ದ ಲಾರಿಯ ಚಾಲಕನೊಬ್ಬ ಅಂಗಿಯ ಜೇಬಿನಿಂದ ಚೀಟಿಯೊಂದನ್ನು ತೆಗೆದು ನೋಡಿಕೊಳ್ಳುತ್ತಿದ್ದ. ಖಾಲಿ ಲಾರಿಯ ತೂಕ, ತುಂಬಿದ ಲಾರಿಯ ತೂಕ, ನಡುವಿನ ವ್ಯತ್ಯಾಸ, ದಿನಾಂಕ, ಹೊತ್ತು ಎಲ್ಲವೂ ಅದರಲ್ಲಿದ್ದವು. ಈ ಲೆಕ್ಕವನ್ನು ಮಾಡಿದ ಯಂತ್ರ ಎಲ್ಲಿದೆಯೆಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇರಲಿಲ್ಲ. ಚೀಟಿ ಮಾತ್ರ ಅವನ ಕೈಯಲ್ಲಿತ್ತು. ಅದು ಕೈಗೆ ಬಾರದೆ ಅವನು ಗೇಟು ದಾಟುವವನಲ್ಲ.

ಎರಡನೆಯದು, ಮರುದಿನ ಹತ್ತಿರದ ಹಳ್ಳಿಯ ಸಹಕಾರ ಸಂಘದ ಕಚೇರಿಯಲ್ಲಿ ಕಂಡದ್ದು. ಕಾರ್ಯದರ್ಶಿಗಳ ಮೇಜಿನ ಮೇಲೆ ಹೊಸ ಕಂಪ್ಯೂಟರು, ಪಕ್ಕದಲ್ಲಿ ಹಳೆಯ ಖಾತೆ ಪುಸ್ತಕಗಳ ರಾಶಿ. ತೊಗರಿ ಬೆಳೆಯುವ ಹಿರಿಯರೊಬ್ಬರು ತಮ್ಮ ಸಾಲದ ಬಾಕಿ ಎಷ್ಟೆಂದು ಕೇಳಲು ಬಂದಿದ್ದರು. ಪರದೆಯ ಮೇಲೆ ಅಂಕಿ ಬಂತು, ಕಾರ್ಯದರ್ಶಿಗಳು ಓದಿ ಹೇಳಿದರು. ಹಿರಿಯರು ಕದಲಲಿಲ್ಲ. "ಬಾಯಿಲೆ ಹೇಳಿದ್ರ ನಮಗ ಹ್ಯಾಂಗ ನೆನಪಿರ್ತದ್ರಿ? ನಮ್ಮ ಲೆಕ್ಕ ಒಂದ ಹಾಳಿ ಮ್ಯಾಲ ಕೊಡ್ರಿ. ಮಷಿನು ಎಲ್ಲಿದ್ರೂ ಇರವಲ್ದು" ಎಂದರು. ಹಾಳೆಯನ್ನು ಹೇಗೆ ತೆಗೆಯಬೇಕೆಂದು ಕಾರ್ಯದರ್ಶಿಗಳಿಗೆ ಆಗ ತಿಳಿಯಲಿಲ್ಲ. ಕಡೆಗೆ ಹಳೆಯ ಪುಸ್ತಕವನ್ನೇ ಬಿಚ್ಚಿ, ಕೈಯಿಂದ ಬರೆದು ಕೊಟ್ಟರು.

ಆ ಹಿರಿಯರ ಮಾತು ನಮ್ಮ ಮನಸ್ಸಿನಲ್ಲಿ ಉಳಿದಿದೆ. ಏಕೆಂದರೆ ಆ ಮೇಜಿನ ಮೇಲಿದ್ದಂಥ ಕಂಪ್ಯೂಟರು ಮಲೆನಾಡಿನ ಸಂಘಗಳ ಮೇಜಿನ ಮೇಲೂ ಬಂದು ಕುಳಿತಿದೆ, ಇಲ್ಲವೇ ಕುಳಿತುಕೊಳ್ಳಲಿದೆ. ನಮ್ಮ ಪೈಕಿ ಬಹುತೇಕರು ಈ ಮಾರಾಟ ಸಂಘದ ಸದಸ್ಯರಾಗಿರುವಂತೆಯೇ ತಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘದ ಸದಸ್ಯರೂ ಆಗಿದ್ದಾರೆ. ಆದ್ದರಿಂದ ಈ ವಿಷಯ ಕಾರ್ಯದರ್ಶಿಗಳಿಗೂ ಆಡಳಿತ ಮಂಡಳಿಗೂ ಮಾತ್ರ ಸೇರಿದ್ದಲ್ಲ, ಪ್ರತಿಯೊಬ್ಬ ಬೆಳೆಗಾರನಿಗೂ ಸೇರಿದ್ದು.

ಯೋಜನೆಯೇನು?

ಕೇಂದ್ರ ಸರ್ಕಾರವು 2022ರ ಜೂನ್ 29ರಂದು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣಗೊಳಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಐದು ವರ್ಷಗಳ ಅವಧಿ, ಆಗ ಗೊತ್ತುಪಡಿಸಿದ ಒಟ್ಟು ವೆಚ್ಚ 2,516 ಕೋಟಿ ರೂಪಾಯಿ, ಅದರಲ್ಲಿ ಕೇಂದ್ರದ ಪಾಲು 1,528 ಕೋಟಿ. ನಬಾರ್ಡ್ ಇದರ ಹೊಣೆ ಹೊತ್ತಿದೆ. ಪ್ರತಿಯೊಂದು ಸಂಘವೂ ತನ್ನದೇ ತಂತ್ರಾಂಶ ಕೊಳ್ಳುವ ಬದಲು ದೇಶಕ್ಕೆಲ್ಲ ಒಂದೇ ಸಮಾನ ತಂತ್ರಾಂಶ, ಅದು ಆಯಾ ರಾಜ್ಯದ ಭಾಷೆಯಲ್ಲಿ, ಲೆಕ್ಕವೆಲ್ಲ ಇಂಟರ್‌ನೆಟ್ಟಿನ ಮೂಲಕ ದೂರದ ಸರ್ವರುಗಳಲ್ಲಿ, ಅಂದರೆ ಕ್ಲೌಡಿನಲ್ಲಿ. ಸಂಘದಿಂದ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿಗೆ, ಅಲ್ಲಿಂದ ಅಪೆಕ್ಸ್ ಬ್ಯಾಂಕಿಗೆ, ಅಲ್ಲಿಂದ ನಬಾರ್ಡಿಗೆ ಕೊಂಡಿ. ಈ ಮೊದಲೇ ಸ್ವಂತವಾಗಿ ಕಂಪ್ಯೂಟರು ಹಾಕಿಕೊಂಡಿರುವ ಸಂಘಗಳಿಗೆ ತಲಾ 50,000 ರೂಪಾಯಿ ಮರುಪಾವತಿ ಮಾಡುವ ಅವಕಾಶವನ್ನೂ ಇಟ್ಟರು. ಆದರೆ ಅದಕ್ಕೆ ಷರತ್ತುಗಳುಂಟು. ಅವರ ತಂತ್ರಾಂಶ 2017ರ ಫೆಬ್ರವರಿ 1ರ ಅನಂತರ ಬಂದದ್ದಾಗಿರಬೇಕು, ಯಂತ್ರಗಳು ನಿಗದಿತ ಮಟ್ಟದವಾಗಿರಬೇಕು, ಸಮಾನ ತಂತ್ರಾಂಶದೊಡನೆ ಕೂಡಿಕೊಳ್ಳಲು ಅಥವಾ ಅದನ್ನೇ ಅಳವಡಿಸಿಕೊಳ್ಳಲು ಒಪ್ಪಬೇಕು.

ಇದನ್ನು ವಿರೋಧಿಸಲು ನಾವು ಈ ಲೇಖನ ಬರೆಯುತ್ತಿಲ್ಲ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬಂತೆ, ಬ್ಯಾಂಕಿಗೂ ತಾಲ್ಲೂಕು ಕಚೇರಿಗೂ ಬಂದ ಕಂಪ್ಯೂಟರು ನಮ್ಮ ಸಂಘಕ್ಕೂ ಬರಲೇಬೇಕಿತ್ತು. ಆದರೆ ಬರುವ ಮುನ್ನ, ಅಥವಾ ಬಂದ ಹೊಸತರಲ್ಲೇ, ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆದುಕೊಳ್ಳಬೇಕು. ಲೆಕ್ಕ ಎಲ್ಲಿರುತ್ತದೆ? ಅದನ್ನು ವರದಿಯಾಗಿ ಹೊರತೆಗೆಯುವ ಅಧಿಕಾರ ಯಾರದು? ತೆಗೆಯಲಾಗದ ದಿನ ನಮ್ಮ ಗತಿಯೇನು?

ಎರಡು ಕೆಲಸ, ಎರಡು ಸ್ವಭಾವ

ಸಂಘದ ಕಂಪ್ಯೂಟರು ಮಾಡುವ ಕೆಲಸ ಎರಡು ಬಗೆಯದು. ಸದಸ್ಯ ಕಟ್ಟಿದ ಹಣವನ್ನು ಬರೆದುಕೊಳ್ಳುವುದು, ಗೊಬ್ಬರ ಕೊಟ್ಟದ್ದನ್ನು ಬರೆದುಕೊಳ್ಳುವುದು, ಅಡಿಕೆ ತೂಗಿದ್ದನ್ನು ಬರೆದುಕೊಳ್ಳುವುದು, ಇವೆಲ್ಲ ವ್ಯವಹಾರ ದಾಖಲು. ಬರೆದದ್ದನ್ನೆಲ್ಲ ಕೂಡಿ ಕಳೆದು, ಸದಸ್ಯನ ಬಾಕಿ ಪಟ್ಟಿ, ವಾಯಿದೆ ಮೀರಿದ ಸಾಲಗಳ ಪಟ್ಟಿ, ದಾಸ್ತಾನು ಪಟ್ಟಿ, ಅಢಾವೆ ಪತ್ರಿಕೆ ಎಂದು ಹೊರತೆಗೆಯುವುದು ವರದಿ. ಮೊದಲನೆಯದು ದಿನವಿಡೀ ಹನಿಹನಿಯಾಗಿ ನಡೆಯುವ ಕೆಲಸ, ಎರಡನೆಯದು ಒಮ್ಮೆಗೇ ಇಡೀ ಕಣಜವನ್ನು ಜಾಲಾಡುವ ಕೆಲಸ.

ಇವೆರಡನ್ನೂ ಒಂದೇ ಯಂತ್ರದ ಮೇಲೆ ಒಂದೇ ಹೊತ್ತಿನಲ್ಲಿ ಹೇರಿದರೆ ಏನಾಗುತ್ತದೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಒಂದು ವರ್ಷ ಮಾರ್ಚಿ ತಿಂಗಳ ಕೊನೆಯ ದಿನ ಕಟ್ಟೆಯ ಮುಂದೆ ಸಾಲ ಕಟ್ಟುವವರ ಸಾಲು ನಿಂತಿತ್ತು. ಅದೇ ವೇಳೆಗೆ ಒಳಗಿನ ಕೋಣೆಯಿಂದ ಇಡೀ ವರ್ಷದ ಖಾತೆಯ ವರದಿ ಕೇಳಿದರು. ಪರದೆ ನಿಂತೇ ಹೋಯಿತು. ಒಳಗೆ ವರದಿಯೂ ಬರಲಿಲ್ಲ, ಹೊರಗೆ ರಶೀದಿಯೂ ಬರಲಿಲ್ಲ. ಮಧ್ಯಾಹ್ನದವರೆಗೆ ಜನ ಬಿಸಿಲಿನಲ್ಲಿ ಕಾದರು. ಯಂತ್ರ ಕೆಟ್ಟಿರಲಿಲ್ಲ. ಒಂದೇ ಎತ್ತಿಗೆ ನೇಗಿಲನ್ನೂ ಗಾಣವನ್ನೂ ಕಟ್ಟಿದ್ದು ನಮ್ಮ ತಪ್ಪು.

ಅಂದು ಕಾದವರಿಗೆ ಬಿಸಿಲಿಗಿಂತ ಹೆಚ್ಚಿನ ಭಯವಿತ್ತು. ರಾಜ್ಯ ಸರ್ಕಾರವು 2023-24ರ ಆಯವ್ಯಯದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಈ ಸೌಲಭ್ಯವೆಲ್ಲ ವಾಯಿದೆಯೊಳಗೆ ಕಟ್ಟಿದವರಿಗೆ. 3 ಲಕ್ಷದ ಸಾಲಕ್ಕೆ ಶೇಕಡಾ 7ರಂತೆ ಹಿಡಿದರೂ ವರ್ಷದ ಬಡ್ಡಿ 21,000 ರೂಪಾಯಿಯಾಗುತ್ತದೆ. ಕಟ್ಟಲು ಹಣ ಹಿಡಿದು ಬಂದ ಸಣ್ಣ ಬೆಳೆಗಾರನೊಬ್ಬ, ಸರ್ವರು ನಿಂತಿತೆಂಬ ಕಾರಣಕ್ಕೆ, ವಾಯಿದೆ ಮೀರಿದವನೆಂದು ಬರೆಯಲ್ಪಟ್ಟರೆ ಆ ನಷ್ಟವನ್ನು ತುಂಬುವವರು ಯಾರು? ಆದ್ದರಿಂದ ಸರ್ವರು ಎಲ್ಲಿರಬೇಕು, ವರದಿ ಯಾವಾಗ ತೆಗೆಯಬೇಕು ಎಂಬುದು ಯಂತ್ರದವರಿಗೆ ಬಿಟ್ಟುಬಿಡುವ ವಿಚಾರವಲ್ಲ.

ಮೂರು ದಾರಿ

ಲೆಕ್ಕದ ಯಂತ್ರವನ್ನು ಇಡಲು ಸ್ಥೂಲವಾಗಿ ಮೂರು ದಾರಿಗಳಿವೆ.

ಒಂದು, ನಮ್ಮ ಕಚೇರಿಯಲ್ಲೇ ಇಟ್ಟುಕೊಳ್ಳುವುದು. ನೆಟ್ಟು ಇಲ್ಲದಿದ್ದರೂ ಕೆಲಸ ನಡೆಯುತ್ತದೆ. ಲೆಕ್ಕ ನಮ್ಮ ಕಣ್ಣೆದುರಿಗಿರುತ್ತದೆ. ನಮಗೆ ಬೇಕಾದ ರೀತಿಯ ವರದಿಯನ್ನು ನಾವೇ ಮಾಡಿಸಿಕೊಳ್ಳಬಹುದು. ಒಂದು ಕಾಲಕ್ಕೆ ನಾವೂ ಈ ಪಕ್ಷದವರೇ. ಆದರೆ ಮುಂಗಾರಿನ ಆರಂಭದ ಒಂದು ಸಂಜೆ ಸಿಡಿಲು ಬಡಿದು ನಮ್ಮ ಯಂತ್ರ ಸುಟ್ಟಿತು. ಪ್ರತಿ ಇದೆಯಲ್ಲ ಎಂದು ಸಮಾಧಾನಪಟ್ಟುಕೊಂಡೆವು. ನೋಡಿದರೆ, ಪ್ರತಿ ತೆಗೆದಿಡುವ ಡಬ್ಬಿಯನ್ನೂ ಅದೇ ಯಂತ್ರಕ್ಕೆ ಸಿಕ್ಕಿಸಿಯೇ ಬಿಟ್ಟಿದ್ದರು. ಎರಡೂ ಒಟ್ಟಿಗೇ ಹೋದವು. ನಾಲ್ಕು ತಿಂಗಳ ವ್ಯವಹಾರವನ್ನು ರಶೀದಿ ಪುಸ್ತಕ ನೋಡಿ ಮತ್ತೆ ಬರೆಯಬೇಕಾಯಿತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ, ಆಮೇಲೆ ಸಿಡಿಲು ತಡೆ, ಬೇರೆ ಮನೆಯಲ್ಲಿ ಪ್ರತಿ ಎಲ್ಲವನ್ನೂ ಮಾಡಿದೆವು. ಸಣ್ಣ ಸಂಘವೊಂದು ಸ್ವಂತ ಸರ್ವರನ್ನು ಕಾಪಾಡಬೇಕಾದರೆ ಒಳ್ಳೆಯ ವಿದ್ಯುತ್ತು, ತಂಪಾದ ಕೋಣೆ, ತಿಳಿದ ಒಬ್ಬ ಮನುಷ್ಯ, ಮೂರೂ ಬೇಕು. ಮಲೆನಾಡಿನ ಮಳೆಗಾಲದಲ್ಲಿ ಈ ಮೂರೂ ಒಂದೆಡೆ ಸಿಕ್ಕುವುದು ದುರ್ಲಭ.

ಎರಡು, ಜಿಲ್ಲೆಯ ಮಟ್ಟದಲ್ಲಿ ಇಡುವುದು. ಜಿಲ್ಲಾ ಬ್ಯಾಂಕಿನಲ್ಲೋ ಒಕ್ಕೂಟದಲ್ಲೋ ಒಂದು ಸರ್ವರು, ಸುತ್ತಲ ಸಂಘಗಳೆಲ್ಲ ಅದಕ್ಕೆ ಜೋಡಣೆ. ಕೇಳಿದರೆ ಉತ್ತರ ಕೊಡುವವರು ಬಸ್ಸು ಹತ್ತಿ ಹೋಗುವಷ್ಟು ದೂರದಲ್ಲಿರುತ್ತಾರೆ, ನಮ್ಮ ಬೆಳೆಯ ಪರಿಭಾಷೆಯೂ ಅವರಿಗೆ ಗೊತ್ತಿರುತ್ತದೆ. ರಾಶಿ, ಚಾಲಿ, ಬೆಟ್ಟೆ, ಗೊರಬಲು ಎಂದರೆ ಅವರಿಗೆ ವಿವರಿಸಬೇಕಾಗಿಲ್ಲ. ಆದರೆ ಆ ಜಿಲ್ಲಾ ಬ್ಯಾಂಕು ಗಟ್ಟಿಯಾಗಿದ್ದರೆ ಮಾತ್ರ ಈ ದಾರಿ ಗಟ್ಟಿ. ಸಾಲ ಕೊಡುವವನ ಮನೆಯಲ್ಲೇ ಸಾಲ ಪಡೆದವನ ಪುಸ್ತಕವೂ ಇರುವುದು ಎಷ್ಟು ಸರಿಯೆಂಬ ಪ್ರಶ್ನೆಯೂ ಉಂಟು.

ಮೂರು, ಈಗ ಬರುತ್ತಿರುವ ದೇಶವ್ಯಾಪಿ ಕ್ಲೌಡು. ಯಂತ್ರ ಕಾಯುವ ಚಿಂತೆ ನಮಗಿಲ್ಲ. ಸಿಡಿಲು ಬಡಿದರೆ ಮೇಜಿನ ಮೇಲಿನ ಪೆಟ್ಟಿಗೆ ಹೋದೀತೇ ಹೊರತು ಲೆಕ್ಕ ಹೋಗದು. ತಂತ್ರಾಂಶದ ತಪ್ಪನ್ನು ಒಂದೆಡೆ ತಿದ್ದಿದರೆ ಎಲ್ಲ ಸಂಘಗಳಿಗೂ ತಿದ್ದಿದಂತೆ. ಲೆಕ್ಕ ಪರಿಶೋಧನೆಯೂ ಸುಲಭ, ಬರೆದದ್ದನ್ನು ಅಳಿಸಿ ಮತ್ತೆ ಬರೆಯುವ ಕೈಚಳಕಕ್ಕೂ ಕಡಿವಾಣ. ಇವೆಲ್ಲ ಸಣ್ಣ ಲಾಭಗಳಲ್ಲ.

ಆದರೆ ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿಟ್ಟರೆ ಬುಟ್ಟಿಯನ್ನು ಕಾಯುವವನ ಎಚ್ಚರವೇ ನಮ್ಮ ಭಾಗ್ಯ. 2024ರ ಜುಲೈ ಕೊನೆಯಲ್ಲಿ ನಡೆದದ್ದನ್ನು ನೆನೆಯಬೇಕು. ಸಹಕಾರಿ ಬ್ಯಾಂಕುಗಳಿಗೂ ಗ್ರಾಮೀಣ ಬ್ಯಾಂಕುಗಳಿಗೂ ತಂತ್ರಾಂಶ ಸೇವೆ ನೀಡುವ ಒಂದೇ ಒಂದು ಕಂಪನಿಯ ವ್ಯವಸ್ಥೆಯೊಳಗೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕಳ್ಳರು ನುಗ್ಗಿದರು. ಹಾವಳಿ ಬೇರೆಡೆಗೆ ಹರಡಬಾರದೆಂದು ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯ ಸಂಪರ್ಕವನ್ನು ಕಡಿದಿಟ್ಟಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಹಣ ಪಾವತಿ ಸೇವೆ ನಿಂತಿತು. ಆಗಸ್ಟ್ 1ರಂದು ಸಂಪರ್ಕ ಮರಳಿತು. ಬೇಗ ಸರಿಹೋಯಿತು, ನಿಜ. ಆದರೆ ಆ ದಿನವೇ ಯಾರಾದರೊಬ್ಬ ರೈತನ ಸಾಲದ ವಾಯಿದೆಯ ದಿನವಾಗಿದ್ದರೆ? ಎಲ್ಲೋ ದೂರದಲ್ಲಿ ಒಂದು ಕೋಣೆಗೆ ಬಿದ್ದ ಪೆಟ್ಟು ನೂರಾರು ಊರುಗಳ ಕಟ್ಟೆಯನ್ನು ಮುಚ್ಚಬಲ್ಲುದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹಿಂದಿನಿಂದ ಕಲಿಯಬೇಕಾದದ್ದು

ನಮ್ಮ ರಾಜ್ಯಕ್ಕೆ ಇಂಥ ಬದಲಾವಣೆ ಹೊಸದೇನಲ್ಲ. ಭೂಮಿ ಯೋಜನೆಯನ್ನು ನೆನೆಯಿರಿ. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು, 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ದಾಖಲೆಗಳನ್ನು, ಇಪ್ಪತ್ತನೆಯ ಶತಮಾನ ಮುಗಿದು ಇಪ್ಪತ್ತೊಂದು ಹುಟ್ಟುವ ಹೊತ್ತಿಗೆ ಕಂಪ್ಯೂಟರಿಗೆ ಏರಿಸಿದರು. ಮೊದಲಿಗೆ ಆಯಾ ತಾಲ್ಲೂಕು ಕಚೇರಿಯಲ್ಲೇ ಸರ್ವರು, ಅಲ್ಲೇ ಕಿಟಕಿ, 15 ರೂಪಾಯಿ ಕೊಟ್ಟರೆ ಪಹಣಿ. ಆಮೇಲೆ ಸಂಪರ್ಕ ಸುಧಾರಿಸಿದಂತೆ ದಾಖಲೆಗಳನ್ನು ರಾಜ್ಯದ ಕೇಂದ್ರಕ್ಕೆ ಒಯ್ದರು. ಈಗ ಎಲ್ಲಿ ಕುಳಿತರೂ ಪಹಣಿ ಸಿಗುತ್ತದೆ. ಸೇಡಂ ತಾಲ್ಲೂಕಿನ ಹೊಲದ್ದೂ ಅಷ್ಟೇ, ತೀರ್ಥಹಳ್ಳಿಯ ತೋಟದ್ದೂ ಅಷ್ಟೇ.

ಇದರಲ್ಲಿ ನಮಗೆ ಎರಡು ಪಾಠಗಳಿವೆ. ಯಂತ್ರ ತಾಲ್ಲೂಕಿನಲ್ಲಿದ್ದಾಗಲೂ ರಾಜಧಾನಿಗೆ ಹೋದಾಗಲೂ ರೈತ ಕಂಡದ್ದು ಒಂದನ್ನೇ, ಕೈಗೆ ಬರುವ ಹಾಳೆಯನ್ನು. ಹಾಳೆ ಬೇಗ ಬಂದುದರಿಂದ ಜನ ಆ ಬದಲಾವಣೆಯನ್ನು ಒಪ್ಪಿಕೊಂಡರು. ಇದು ಮೊದಲ ಪಾಠ. ಎರಡನೆಯದು ಕಹಿ. ಕೈಬರಹದಲ್ಲಿದ್ದ ತಪ್ಪುಗಳೂ, ಏರಿಸುವಾಗ ಆದ ತಪ್ಪುಗಳೂ ಕಂಪ್ಯೂಟರಿನೊಳಗೆ ಹೋಗಿ ಕುಳಿತವು. ಹೆಸರಿನ ಒಂದಕ್ಷರ, ವಿಸ್ತೀರ್ಣದ ಒಂದು ಗುಂಟೆ, ಇವನ್ನು ತಿದ್ದಿಸಲು ಎಷ್ಟು ರೈತರು ಎಷ್ಟು ವರ್ಷ ಅಲೆದರು! ಕೈಬರಹದ ಪಹಣಿಗೆ ಮಾನ್ಯತೆ ಹೋದ ಮೇಲೆ ಯಂತ್ರ ಹೇಳಿದ್ದೇ ಸತ್ಯವಾಯಿತು. ತಪ್ಪುಗಳನ್ನು ಸರಿಪಡಿಸಲು ಪಹಣಿ ಅದಾಲತ್ತುಗಳನ್ನೇ ನಡೆಸಬೇಕಾಯಿತು. ಸಂಘದ ಲೆಕ್ಕ ಏರಿಸುವಾಗ ಇದನ್ನು ಮರೆಯಬಾರದು. ಹಳೆಯ ಖಾತೆ ಪುಸ್ತಕದ ಬಾಕಿಯನ್ನು ಸದಸ್ಯನಿಗೆ ತೋರಿಸಿ, ಒಪ್ಪಿಗೆಯ ಸಹಿ ಪಡೆದು, ಆಮೇಲೆ ಏರಿಸಬೇಕು. ಏರಿಸಿದ ಬಳಿಕ ಮತ್ತೆ ಹಾಳೆ ತೆಗೆದು ತೋರಿಸಬೇಕು.

ಇನ್ನೊಂದು ನಿದರ್ಶನ ನಮ್ಮ ಮಾರುಕಟ್ಟೆ ಪ್ರಾಂಗಣಗಳದ್ದು. 2014ರಲ್ಲಿ ರಾಜ್ಯದ ಕೃಷಿ ಮಾರುಕಟ್ಟೆಗಳನ್ನು ಏಕೀಕೃತ ವೇದಿಕೆಯೊಂದಕ್ಕೆ ಜೋಡಿಸುವ ಕೆಲಸ ಆರಂಭವಾಯಿತು. ಶಿವಮೊಗ್ಗ, ಶಿರಸಿಗಳ ಅಡಿಕೆಯ ಟೆಂಡರೂ ಕಲಬುರಗಿಯ ತೊಗರಿಯ ಟೆಂಡರೂ ಒಂದೇ ಬಗೆಯ ತಂತ್ರಾಂಶದೊಳಗೆ ಬಂದವು. ಬೆಳೆಗಾರನಿಗೆ ಆ ಸರ್ವರಿನ ಗೊಡವೆಯಿಲ್ಲ. ತನ್ನ ರಾಶಿಗೆ ಕೂಗಿದ ಅತಿ ಹೆಚ್ಚಿನ ಧಾರಣೆ ಎಷ್ಟೆಂದು ಅವನಿಗೆ ತಿಳಿಯಬೇಕು, ಒಪ್ಪದಿದ್ದರೆ ಬೇಡವೆನ್ನುವ ಹಕ್ಕಿರಬೇಕು. ಕೇಂದ್ರದಲ್ಲಿರುವ ವ್ಯವಸ್ಥೆಯನ್ನು ನಂಬುವಂತೆ ಮಾಡುವುದು ಹೀಗೆ ಕೈಗೆ ತಲಪುವ ಮಾಹಿತಿಯೇ.

ನಮ್ಮ ಅಭಿಪ್ರಾಯ

ಇವನ್ನೆಲ್ಲ ತೂಗಿ ನೋಡಿ ನಾವು ಬಂದಿರುವ ತೀರ್ಮಾನ ಇಷ್ಟು. ಸಣ್ಣ ಸಂಘಗಳು ಸ್ವಂತ ಸರ್ವರಿನ ಹಟ ಹಿಡಿಯುವುದು ವಿವೇಕವಲ್ಲ. ಮೂರನೆಯ ದಾರಿಯನ್ನೇ ಒಪ್ಪಿಕೊಳ್ಳೋಣ. ಆದರೆ ಕಣ್ಣು ಮುಚ್ಚಿಕೊಂಡು ಒಪ್ಪುವುದು ಬೇಡ. ಯಂತ್ರ ಎಲ್ಲಿಯೇ ಇರಲಿ, ವರದಿ ನಮ್ಮ ಕೈಯಲ್ಲಿರಬೇಕು, ಲೆಕ್ಕದ ಒಂದು ಪ್ರತಿ ನಮ್ಮ ಮನೆಯಲ್ಲಿರಬೇಕು. ಈ ದಿಸೆಯಲ್ಲಿ ಪ್ರತಿಯೊಂದು ಸಂಘವೂ ತನ್ನ ಆಡಳಿತ ಮಂಡಳಿಯ ಮುಂದೆ ಇಡಬೇಕಾದ ಬೇಡಿಕೆಗಳನ್ನು ಇಲ್ಲಿ ಸೂಚಿಸುತ್ತಿದ್ದೇವೆ.

ಮೊದಲನೆಯದಾಗಿ, ಸದಸ್ಯನ ಹಾಳೆ. ಮೂರು ತಿಂಗಳಿಗೊಮ್ಮೆ ಪ್ರತಿಯೊಬ್ಬ ಸದಸ್ಯನಿಗೂ ಅವನ ಪಾಲು ಬಂಡವಾಳ, ಸಾಲ, ಕಟ್ಟಿದ್ದು, ಬಡ್ಡಿ, ಬಾಕಿ, ವಾಯಿದೆಯ ದಿನ ಇಷ್ಟನ್ನೂ ಕನ್ನಡದಲ್ಲಿ ಮುದ್ರಿಸಿ ಕೊಡಬೇಕು. ಖರ್ಚಿನ ಮಾತು ಬರಬಹುದು. 800 ಸದಸ್ಯರ ಸಂಘಕ್ಕೆ ವರ್ಷಕ್ಕೆ 3,200 ಹಾಳೆ, ಅಂದರೆ ಏಳು ರೀಮಿಗಿಂತ ಕಡಮೆ. ರೀಮಿಗೆ 300 ರೂಪಾಯಿ ಎಂದು ಹಿಡಿದರೂ ಕಾಗದಕ್ಕೆ 2,100 ರೂಪಾಯಿ ಮೀರದು. ಒಬ್ಬ ಸದಸ್ಯನ ಒಂದು ತಪ್ಪು ಬಾಕಿಯ ತಗಾದೆ ಇದಕ್ಕಿಂತ ಹೆಚ್ಚಿನ ಹಣವನ್ನು ನುಂಗುತ್ತದೆ. ಮೊಬೈಲಿಗೆ ಸಂದೇಶ ಬಂದರೆ ಒಳ್ಳೆಯದೇ, ಆದರೆ ಅದು ಹಾಳೆಗೆ ಬದಲಿಯಲ್ಲ. ಎಲ್ಲ ಮನೆಯಲ್ಲೂ ಸಿಗ್ನಲ್ಲಿಲ್ಲ, ಎಲ್ಲ ಹಿರಿಯರ ಕೈಯಲ್ಲೂ ಮೊಬೈಲಿಲ್ಲ.

ಎರಡನೆಯದಾಗಿ, ಲೆಕ್ಕದ ಪ್ರತಿ. ವಾರಕ್ಕೊಮ್ಮೆಯಾದರೂ ಸಂಘದ ಪೂರ್ತಿ ಲೆಕ್ಕದ ಪ್ರತಿಯೊಂದನ್ನು, ಬೇರೆ ಯಾವ ಯಂತ್ರದಲ್ಲಾದರೂ ತೆರೆದು ಓದಬಲ್ಲ ರೂಪದಲ್ಲಿ, ಸಂಘಕ್ಕೆ ಒದಗಿಸಬೇಕು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬಿಡದೆ ಬೇರೆ ಕಟ್ಟಡದ ಕಪಾಟಿನಲ್ಲಿಡಬೇಕು. ಬಲ್ಲವರು ಹೇಳುವ ನಿಯಮ ಸರಳವಾದದ್ದು. ಪ್ರತಿಗಳು ಮೂರಿರಲಿ, ಎರಡು ಬಗೆಯ ಸಾಧನಗಳಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ. ಬಿತ್ತನೆಯ ಗೋಟು ಅಡಿಕೆಯನ್ನು ಆರಿಸುವಾಗ ಒಂದೇ ಮರವನ್ನು ನೆಚ್ಚದ ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ವರ್ಷಕ್ಕೊಮ್ಮೆ ಆ ಪ್ರತಿಯಿಂದ ಲೆಕ್ಕವನ್ನು ನಿಜವಾಗಿ ಹೊರತೆಗೆದು ತಾಳೆ ನೋಡಬೇಕು. ತೆರೆದು ನೋಡದ ಪ್ರತಿ, ಬಿಚ್ಚಿ ನೋಡದ ಚೀಲದ ಮೆಣಸಿನಂತೆ, ಒಳಗೆ ಬೂಷ್ಟು ಹಿಡಿದಿದ್ದರೂ ತಿಳಿಯದು.

ಮೂರನೆಯದಾಗಿ, ವರದಿಯ ಹೊತ್ತು. ದೊಡ್ಡ ವರದಿಗಳನ್ನು ಕಟ್ಟೆಯ ಕೆಲಸ ಮುಗಿದ ಮೇಲೆ ರಾತ್ರಿಯ ವೇಳೆ ತಾನಾಗಿಯೇ ತಯಾರಾಗುವಂತೆ ಗೊತ್ತುಪಡಿಸಬೇಕು. ಬೆಳಿಗ್ಗೆ ಕಾರ್ಯದರ್ಶಿಗಳು ಬಾಗಿಲು ತೆಗೆಯುವಾಗ ಹಿಂದಿನ ದಿನದ ಪಟ್ಟಿ ಸಿದ್ಧವಾಗಿರಬೇಕು. ಮೇಲಿನ ಕಚೇರಿಗಳು ಕೇಳುವ ವರದಿಗಳನ್ನು ಮುಖ್ಯ ಸರ್ವರಿನ ಬದಲು ಅದರ ನಕಲಿನಿಂದ ತೆಗೆಯುವ ಏರ್ಪಾಡಿರಬೇಕು. ಮಾರ್ಚಿ ಕೊನೆಯಲ್ಲೂ, ಕಾಫಿ ಅಡಿಕೆಗಳ ಕೊಯ್ಲಿನ ಹಣ ಬರುವ ದಿನಗಳಲ್ಲೂ ಸದಸ್ಯನ ರಶೀದಿಗೇ ಮೊದಲ ಮರ್ಯಾದೆ.

ನಾಲ್ಕನೆಯದಾಗಿ, ನೆಟ್ಟು ನಿಂತ ದಿನದ ಕ್ರಮ. ಕ್ರಮಸಂಖ್ಯೆ ಮುದ್ರಿಸಿದ ರಶೀದಿ ಪುಸ್ತಕವೊಂದು ಸದಾ ಕಚೇರಿಯಲ್ಲಿರಬೇಕು. ಅದರಲ್ಲಿ ಬರೆದ ದಿನಾಂಕವೇ ಹಣ ಕಟ್ಟಿದ ದಿನಾಂಕವೆಂದು, ಯಂತ್ರಕ್ಕೆ ಏರಿಸಿದ ದಿನಾಂಕವಲ್ಲವೆಂದು, ಜಿಲ್ಲಾ ಬ್ಯಾಂಕಿನಿಂದ ಬರಹದಲ್ಲಿ ಒಪ್ಪಿಗೆ ಪಡೆದಿರಬೇಕು. ಇದೊಂದನ್ನು ಮಾಡಿಕೊಂಡರೆ ನಾವು ಮೇಲೆ ಹೇಳಿದ 21,000 ರೂಪಾಯಿಯ ಭಯದ ಬಹುಪಾಲು ಕಳೆಯುತ್ತದೆ.

ಐದನೆಯದಾಗಿ, ಹಳೆಯ ಪುಸ್ತಕ. ಹೊಸ ಲೆಕ್ಕವೂ ಹಳೆಯ ಲೆಕ್ಕವೂ ಕನಿಷ್ಠ ಒಂದು ಸಾಲದ ಅವಧಿಯಷ್ಟಾದರೂ ಜೊತೆಜೊತೆಯಾಗಿ ನಡೆಯಲಿ. ಎರಡೂ ತಾಳೆಯಾಗುವವರೆಗೆ ಪುಸ್ತಕವನ್ನು ಅಟ್ಟಕ್ಕೆ ಏರಿಸುವುದು ಬೇಡ. ಕೆಲಸ ಇಮ್ಮಡಿಯಾಗುತ್ತದೆಂದು ಕಾರ್ಯದರ್ಶಿಗಳು ಹೇಳುತ್ತಾರೆ. ಅವರ ಮಾತು ನ್ಯಾಯವಾದದ್ದೇ. ಆ ಅವಧಿಗೆ ಒಬ್ಬ ಸಹಾಯಕನನ್ನು ಕೊಡುವುದು ಆಡಳಿತ ಮಂಡಳಿಯ ಹೊಣೆ. ಒಬ್ಬನೇ ಮನುಷ್ಯ ಹಗಲು ಕಟ್ಟೆಯಲ್ಲಿ ಕುಳಿತು ರಾತ್ರಿ ಲೆಕ್ಕ ಏರಿಸಿದರೆ ತಪ್ಪು ಆಗಿಯೇ ಆಗುತ್ತದೆ.

ಆರನೆಯದಾಗಿ, ಯಾರು ಏನನ್ನು ನೋಡಬಹುದು ಎಂಬುದು. ಯಾವ ಬೆಳೆಗಾರನಿಗೆ ಎಷ್ಟು ಸಾಲವಿದೆ, ಯಾರ ಬಳಿ ಎಷ್ಟು ಮಾಲು ಉಳಿದಿದೆ ಎಂಬುದು ವ್ಯಾಪಾರಿಗೆ ತಿಳಿದರೆ ಧಾರಣೆಯ ಮಾತಿನಲ್ಲಿ ಬೆಳೆಗಾರ ಸೋತಂತೆಯೇ. ಖಾಸಗಿ ಮಾಹಿತಿಯ ರಕ್ಷಣೆಗೆಂದು 2023ರಲ್ಲಿ ದೇಶಕ್ಕೆ ಒಂದು ಕಾಯಿದೆಯೇ ಬಂದಿದೆ. ಕಾಯಿದೆ ದೂರದ್ದು, ಶಿಸ್ತು ಹತ್ತಿರದ್ದು. ಕಾರ್ಯದರ್ಶಿಗಳ ಗುಪ್ತಪದವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವ ಪರಿಪಾಠ ಇಂದೇ ನಿಲ್ಲಲಿ. ನಗದು ಪಡೆಯುವವನೇ ಲೆಕ್ಕ ತಿದ್ದುವವನೂ ಆಗದಿರಲಿ.

ಕೊನೆಯದಾಗಿ, ಮುಂದಿನ ಖರ್ಚು. ಯೋಜನೆಯ ಲೆಕ್ಕಾಚಾರ 2022-23ರಿಂದ 2026-27ರವರೆಗಿನದು. ಆಮೇಲೆ ಕ್ಲೌಡಿನ ಬಾಡಿಗೆ, ಯಂತ್ರದ ರಿಪೇರಿ, ಹೊಸಬರ ತರಬೇತಿ ಯಾರ ತಲೆಗೆ? ಕೊಟ್ಟಿಗೆಗೆ ಹಸು ಉಚಿತವಾಗಿ ಬಂದರೂ ಹುಲ್ಲು ಹಿಂಡಿ ಉಚಿತವಲ್ಲ. ವರ್ಷವರ್ಷವೂ ಲಾಭದಲ್ಲಿ ಸ್ವಲ್ಪ ಭಾಗವನ್ನು ಇದಕ್ಕೆಂದೇ ತೆಗೆದಿಡುವ ಸಂಘ ಮುಂದೆ ಕೈಚಾಚಬೇಕಾಗುವುದಿಲ್ಲ.

ಸಭೆಯಲ್ಲಿ ಕೇಳೋಣ

ಇದೆಲ್ಲ ತಿಳಿದವರ ವಿಷಯ, ಸಾಮಾನ್ಯ ಸದಸ್ಯನಿಗೇನು ಅರ್ಥವಾದೀತು ಎನ್ನುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ, ಅದನ್ನು ಕೂಡಿಕೊಂಡವರು ಹಳ್ಳಿಯ ರೈತರೇ. 1939ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್ಕೋಸ್ ಹುಟ್ಟಿದಾಗಲೂ, 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದಾಗಲೂ, ಬೆಳೆಗಾರರು ತಮ್ಮ ಮಾಲಿನ ಲೆಕ್ಕ ತಮ್ಮವರ ಕೈಯಲ್ಲಿರಲಿ ಎಂದೇ ಒಟ್ಟುಗೂಡಿದರು. ವ್ಯಾಪಾರಿಯ ಪುಸ್ತಕದಲ್ಲಿ ಏನು ಬರೆದಿದೆಯೆಂದು ಕೇಳುವ ಧೈರ್ಯವಿಲ್ಲದಿದ್ದ ಕಾಲದಿಂದ, ನಮ್ಮ ಪುಸ್ತಕವನ್ನು ನಾವೇ ಬರೆಯುವ ಕಾಲಕ್ಕೆ ಬಂದೆವು. ಆ ಪುಸ್ತಕ ಈಗ ಕಣ್ಣಿಗೆ ಕಾಣದ ಊರಿನ ಯಂತ್ರದೊಳಗೆ ಹೋಗುತ್ತಿದೆ. ಹೋಗಲಿ. ಆದರೆ ಕೇಳಿದಾಗ ನಮ್ಮ ಪುಟ ನಮ್ಮ ಕೈಗೆ ಬರುವಂತಿರಲಿ. ಬಾರದೆ ಹೋದರೆ, ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಗೆ ನಾವೇ ಉದಾಹರಣೆಯಾದೇವು.

ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ ಇಷ್ಟೇ. ಈ ವರ್ಷದ ಮಹಾಸಭೆಗೆ ಊಟದ ಹೊತ್ತಿಗೆ ಹೋಗದೆ ತುಸು ಮೊದಲೇ ಹೋಗಿ. ಲೆಕ್ಕಪತ್ರ ಮಂಜೂರಿಯ ವಿಷಯ ಬಂದಾಗ ಎದ್ದು ನಿಂತು ಮೂರು ಪ್ರಶ್ನೆ ಕೇಳಿ. ನಮ್ಮ ಲೆಕ್ಕದ ಪ್ರತಿ ಸಂಘದಲ್ಲಿದೆಯೇ? ಅದನ್ನು ಕಡೆಯ ಬಾರಿ ತೆರೆದು ನೋಡಿದ್ದು ಯಾವಾಗ? ನನ್ನ ಖಾತೆಯ ಹಾಳೆಯನ್ನು ಇವತ್ತೇ, ಇಲ್ಲೇ, ಕನ್ನಡದಲ್ಲಿ ಕೊಡುತ್ತೀರಾ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಚಪ್ಪಾಳೆ ತಟ್ಟಿ ಮಂಜೂರು ಮಾಡಿ. ಬಾರದಿದ್ದರೆ ಮುಂದಿನ ಸಭೆಯೊಳಗೆ ಸರಿಪಡಿಸುವಂತೆ ಠರಾವು ಬರೆಸಿ. ನಮ್ಮ ಮಾರಾಟ ಸಂಘದ ಸಭೆಯಲ್ಲೂ ಇದೇ ಪ್ರಶ್ನೆಗಳನ್ನು ಕೇಳಬೇಕು. ಕೇಳಿದವರ ಮೇಲೆ ನಮಗೆ ಬೇಸರವಿಲ್ಲ, ಕೇಳದವರ ಮೇಲೆ ಸ್ವಲ್ಪ ಬೇಸರವುಂಟು.

ಆದಿತ್ಯನಗರದ ಬಳಿಯ ಆ ಹಳ್ಳಿಯಿಂದ ನಾವು ಹೊರಡುವಾಗ ತೊಗರಿಯ ಹಿರಿಯರು ಕೈಬರಹದ ಚೀಟಿಯನ್ನು ನಾಲ್ಕಾಗಿ ಮಡಚಿ, ರುಮಾಲಿನ ಅಂಚಿಗೆ ಸಿಕ್ಕಿಸಿಕೊಂಡು ನಡೆದು ಹೋಗುತ್ತಿದ್ದರು. ಮುಂದಿನ ಸಲ ಅವರ ರುಮಾಲಿನಲ್ಲಿ ಯಂತ್ರ ಮುದ್ರಿಸಿದ ಚೀಟಿ ಇರಲಿ, ನಮ್ಮ ಜೇಬಿನಲ್ಲೂ ಇರಲಿ. ಗಣಕೀಕರಣ ಆಯಿತೆಂದು ಹೇಳುವುದಕ್ಕೆ ನಮಗೆ ಅಷ್ಟು ಸಾಕ್ಷಿ ಸಾಕು.